49 ಸಿಸಿ ಬೈಕಿಗೆ ಲೈಸೆನ್ಸ್ ಬೇಡ ಅಂತ ಯಾರು ಹೇಳಿದ್ದು?

ಈಚೆಗೆ ನಮ್ಮ ಕೊಡಗಿನ ಗೋಣಿಕೊಪ್ಪ, ಸಿದ್ದಾಪುರ ಕಡೆಯ ತೋಟದ ಮನೆಗಳಲ್ಲಿ ಮಕ್ಕಳಿಗೆ ಪೆಟ್ರೋಲ್ ಮಿನಿ ಬೈಕ್ ಕೊಡಿಸುವುದು ಜಾಸ್ತಿ ಆಗಿದೆ. ಕೊಯ್ಲು ಮುಗಿದು ಖಾಲಿ ಬಿದ್ದಿರುವ ಕಾಫಿ ಕಣದಲ್ಲಿ, ದೊಡ್ಡವರ ಕಣ್ಣೆದುರು ಓಡಿಸಿದರೆ ನನ್ನದೇನೂ ತಕರಾರಿಲ್ಲ. ಗೇಟ್ ದಾಟಿ ರಸ್ತೆಗೆ ಬರುತ್ತಾರಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. "ಇದು 49 ಸಿಸಿ ಅಲ್ವಾ, ಲೈಸೆನ್ಸ್ ಬೇಡ." ತಪ್ಪು. ಮೋಟಾರು ವಾಹನ ಕಾಯ್ದೆ ಹೇಳುವುದು ಇಷ್ಟೇ: 50 ಸಿಸಿ ಮೀರದ ಬೈಕನ್ನು 16 ವರ್ಷ ತುಂಬಿದವರು ಓಡಿಸಬಹುದು, ಅದೂ ಲೈಸೆನ್ಸ್ ಮಾಡಿಸಿಕೊಂಡು. ಉಳಿದ ಬೈಕುಗಳಿಗೆಲ್ಲ 18. ಗಾಡಿಗೆ ನೋಂದಣಿ, ಇನ್ಶೂರೆನ್ಸ್ ಎರಡೂ ಬೇಕು. ಲೈಟು, ಇಂಡಿಕೇಟರ್, ಹಾರ್ನ್ ಒಂದೂ ಇಲ್ಲದ ಆಟದ ಬೈಕಿಗೆ ಆರ್‌ಟಿಓದಲ್ಲಿ ನಂಬರ್ ಎಲ್ಲಿಂದ ಸಿಗಬೇಕು?

ಮಗು ಸಿಕ್ಕಿಬಿದ್ದರೆ ಸುಮ್ನೆ ಬೈದು ಕಳಿಸುತ್ತಾರೆ ಅಂದುಕೊಳ್ಳಬೇಡಿ. 2019ರ ತಿದ್ದುಪಡಿಯಲ್ಲಿ 199ಎ ಸೆಕ್ಷನ್ ಸೇರಿತು. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಅಪ್ಪ ಅಮ್ಮನಿಗೋ ಗಾಡಿಯ ಮಾಲೀಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ವರ್ಷ ಆಗುವವರೆಗೂ ಲೈಸೆನ್ಸ್ ಇಲ್ಲ. ಮಗು ಗಾಡಿ ತೆಗೆದದ್ದು ನಮಗೆ ಗೊತ್ತಿರಲಿಲ್ಲ ಎಂದರೆ ಸಾಲದು, ಗೊತ್ತಿರಲಿಲ್ಲ ಎನ್ನುವುದನ್ನು ಕೋರ್ಟಿನಲ್ಲಿ ನೀವೇ ತೋರಿಸಿಕೊಡಬೇಕು.

"ನಮ್ಮ ತೋಟದ ರಸ್ತೆ ತಾನೇ" ಅನ್ನುವವರೂ ಇದ್ದಾರೆ. ಊರಿನವರಿಗೆ ಓಡಾಡುವ ಹಕ್ಕಿರುವ ದಾರಿ ಕಾನೂನಿನ ಲೆಕ್ಕದಲ್ಲಿ ಸಾರ್ವಜನಿಕ ಸ್ಥಳವೇ. ಕೊಡಗಿನಲ್ಲಿ ತೋಟದ ಮಧ್ಯೆಯೇ ಹಾದುಹೋಗುವ ಊರ ದಾರಿಗಳು ಎಷ್ಟಿಲ್ಲ ಹೇಳಿ.

ದಂಡದ ಮಾತು ಬಿಡಿ, ನನಗೆ ನಿಜವಾಗಿ ಹೆದರಿಕೆ ಇರುವುದು ನಮ್ಮ ರಸ್ತೆಗಳದ್ದು. ತಿರುವಿನ ಎರಡೂ ಕಡೆ ಕಾಫಿ ಗಿಡ, ಬೇಲಿ, ದರೆ. ಎದುರಿಂದ ಕೆಲಸದವರನ್ನು ತುಂಬಿಕೊಂಡು ಬರುವ ಜೀಪಿನ ಡ್ರೈವರ್‌ಗೆ ಬಾನೆಟ್‌ಗಿಂತ ತಗ್ಗಿನಲ್ಲಿರುವ ಮಗು ಕಾಣಿಸುವುದೇ ಇಲ್ಲ. ಮಳೆಗಾಲದಲ್ಲಿ ಮಂಜು, ರಸ್ತೆ ಮೇಲೆ ಪಾಚಿ, ಕೊಳೆತ ಎಲೆ. ದೊಡ್ಡ ಬೈಕ್ ಹತ್ತಿ ಇಳಿಯುವ ಗುಂಡಿಯಲ್ಲಿ ಮಿನಿ ಬೈಕಿನ ಪುಟ್ಟ ಚಕ್ರ ಸಿಕ್ಕಿಕೊಂಡು, ಮಗು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತದೆ. ಸಂಜೆ ಆಯಿತೆಂದರೆ ಆನೆ ಬೇರೆ.

ಎಲೆಕ್ಟ್ರಿಕ್ ಸ್ಕೂಟರ್ ವಿಷಯ ಸ್ವಲ್ಪ ಬೇರೆ. ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ, ಹೀಗೆ ನಿಯಮದಲ್ಲಿ ಹೇಳಿದಂತೆ ಇದ್ದರೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಆದರೆ ಮೆಕ್ಯಾನಿಕ್ ಹತ್ತಿರ ಹೋಗಿ ಲಿಮಿಟ್ ತೆಗೆಸಿದಿರೋ, ಆ ವಿನಾಯಿತಿ ಅಲ್ಲಿಗೇ ಮುಗಿಯಿತು. ದಯವಿಟ್ಟು ತೆಗೆಸಬೇಡಿ.

ಕಣದಲ್ಲೇ ಓಡಿಸಲಿ. ಆದರೂ ಐಎಸ್‌ಐ ಗುರುತಿನ, ಮಗುವಿನ ತಲೆಗೆ ಸರಿಹೊಂದುವ ಹೆಲ್ಮೆಟ್ ಇರಲಿ, ಅಪ್ಪನದ್ದು ಬೇಡ, ಅದು ಬಿದ್ದ ಕೂಡಲೇ ಕಳಚಿಕೊಳ್ಳುತ್ತದೆ. ಚಪ್ಪಲಿ ಬೇಡ, ಶೂ ಹಾಕಿಸಿ. ಎಷ್ಟೋ ಮಿನಿ ಬೈಕ್‌ಗಳಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗದಂತೆ ತಡೆಯುವ ಸ್ಕ್ರೂ ಇರುತ್ತದೆ, ಅದನ್ನು ಮೊದಲೇ ಬಿಗಿ ಮಾಡಿಡಿ. ಆಟ ಮುಗಿದ ಮೇಲೆ ಬೈಕನ್ನು ಗೋದಾಮಿನೊಳಗೆ ಇಟ್ಟು ಬೀಗ ಹಾಕಿ, ಕೀ ನಿಮ್ಮ ಹತ್ತಿರವೇ ಇರಲಿ.