ರಸಮಟ್ಟ ಬೈಕಿನ ಚೀಲದಲ್ಲೇ ಇತ್ತು

ಎಸಿ ಹಾಕಿಸುವವರು ಕೇಳುವುದೆಲ್ಲ ತಾಮ್ರದ ಪೈಪ್ ಬಗ್ಗೆ. ಎಷ್ಟು ದಪ್ಪ, ಯಾವ ಬ್ರ್ಯಾಂಡ್, ಗ್ಯಾಸ್ ಲೀಕ್ ಆಗುವುದಿಲ್ಲ ಅಲ್ವಾ? ಹನ್ನೊಂದು ವರ್ಷದಲ್ಲಿ ನೀರು ಹೋಗುವ ಪೈಪ್ ಬಗ್ಗೆ ಒಬ್ಬರೂ ಕೇಳಿದ ನೆನಪಿಲ್ಲ. ಆದರೆ ನನಗೆ ನಿದ್ದೆಗೆಡಿಸಿದ್ದು ಗ್ಯಾಸ್ ಅಲ್ಲ, ನೀರು.

ಮಂಗಳೂರಿನ ಕದ್ರಿ ಕಡೆ ಒಂದು ಹೊಸ ಫ್ಲಾಟ್. ಗಾರೆಗೆ ಮೊದಲೇ, ನವೆಂಬರ್‌ನಲ್ಲಿ, ಗೋಡೆಯೊಳಗೆ ಅಡಗಿಸುವ ಕನ್ಸೀಲ್ಡ್ ಪೈಪಿಂಗ್ ಮಾಡಿದ್ದೆವು. ಮೂರು ರೂಮು, ಮೂರೂ ಒಂದೂವರೆ ಟನ್ ಸ್ಪ್ಲಿಟ್. ಕಾಲು ಇಂಚು, ಅರ್ಧ ಇಂಚಿನ ತಾಮ್ರದ ಜೋಡಿ, ಮೇಲೆ ನೈಟ್ರೈಲ್ ರಬ್ಬರಿನ ಸ್ಲೀವ್. ತುದಿ ಮುಚ್ಚಿ ಬ್ರೇಜಿಂಗ್ ಮಾಡಿ, ಅಂದರೆ ಬೆಸೆದು, ಲೀಕ್ ಇದೆಯಾ ನೋಡಲು ನೈಟ್ರೋಜನ್ 400 ಪಿಎಸ್‌ಐ ತುಂಬಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪ್ರೆಷರ್ ಗೇಜಿನ ಮುಳ್ಳು ಅಲುಗಿರಲಿಲ್ಲ. ಆ ಸಿಲಿಂಡರ್ ನನ್ನ ದುಡ್ಡಿನದ್ದು. ಕಂಪನಿ ಕೊಡುವುದಿಲ್ಲ.

ಉಳಿದದ್ದು ಡ್ರೈನ್, ಅಂದರೆ ಎಸಿಯ ನೀರು ಹೋಗುವ ಪೈಪ್. ಹಿಂದಿನ ಬೆಡ್‌ರೂಮಿನಿಂದ ಬಾತ್‌ರೂಮಿಗೆ 16 ಅಡಿ ಉದ್ದ. 100ಕ್ಕೆ 1 ಅಂತ ಹಿಡಿದರೂ ಸುಮಾರು ಎರಡಿಂಚು ಇಳಿಜಾರು ಬೇಕು. ಗ್ರೂವ್ ಹೊಡೆಯುವಾಗ ಲೆಕ್ಕ ಸರಿಯಾಗಿಯೇ ಇತ್ತು. ಪೈಪ್ ಕೂರಿಸುವ ಹೊತ್ತಿಗೆ ಸೈಟ್ ಸೂಪರ್‌ವೈಸರ್ ಬಂದು ನಿಂತರು. ಗಾರೆಯವರು ಕಾಯ್ತಾ ಇದ್ದಾರೆ, ಬೇಗ ಬೇಗ ಅಂದರು. ಎರಡು ಪೈಪ್ ಸೇರುವ ಮಧ್ಯದ ಕಪ್ಲಿಂಗ್‌ನ ಎರಡೂ ಕಡೆ ಕ್ಲ್ಯಾಂಪ್ ಬೇಕಿತ್ತು. ಒಂದು ಕಡೆ ಮಾತ್ರ ಹಾಕಿದೆ.

ನನ್ನ ಹೆಲ್ಪರ್ ಹುಡುಗ ಆಗ ಸೇರಿ ನಾಲ್ಕು ತಿಂಗಳು. ಅವನು ದೂರದಿಂದ ನೋಡಿ ಹೇಳಿದ: “ಅಣ್ಣ, ಜಾಯಿಂಟ್ ಹತ್ತಿರ ಸ್ವಲ್ಪ ಇಳಿದ ಹಾಗೆ ಕಾಣ್ತದೆ.”

ನಾನು ಒಂದು ಬಾಟಲಿ ನೀರು ಸುರಿದೆ. ಆ ತುದಿಯಲ್ಲಿ ಬಂತು. “ನೀರು ಹೋಗ್ತದಲ್ಲ, ಸಾಕು” ಅಂದೆ. ಇಳಿಜಾರು ಅಳೆಯುವ ರಸಮಟ್ಟ ಕೆಳಗೆ ಬೈಕಿನ ಚೀಲದಲ್ಲಿತ್ತು. ಎರಡು ಮಹಡಿ ಇಳಿದು ಹತ್ತಬೇಕಿತ್ತು, ಅಷ್ಟೇ.

ಮೇ ತಿಂಗಳಲ್ಲಿ ಯೂನಿಟ್ ಕೂರಿಸಲು ಹೋದೆವು. ತಾಮ್ರದ ಫ್ಲೇರ್ ಜಾಯಿಂಟ್ ಚೆನ್ನಾಗಿ ಕೂತಿತು, ಪೈಪಿನೊಳಗಿನ ಗಾಳಿ ಎಳೆದು ತೆಗೆದಾಗ ವ್ಯಾಕ್ಯೂಮ್ 500 ಮೈಕ್ರಾನ್‌ಗಿಂತ ಕೆಳಗೆ ಇಳಿದು ನಿಂತಿತು, ಕೂಲಿಂಗ್ ಬಂತು. ಟೈಲ್ಸ್ ಮೇಲೆ ನೀರು ಹರಿಯೋದು ಬೇಡ ಅಂತ ಮನೆಯವರು ಕೇಳಿದ್ದಕ್ಕೆ ಡ್ರೈನಿನ ತುದಿಗೆ ಫ್ಲೆಕ್ಸಿಬಲ್ ಪೈಪ್ ಸೇರಿಸಿ, ಬಾತ್‌ರೂಮಿನ ನೆಲದಲ್ಲಿ ಸದಾ ನೀರು ನಿಲ್ಲುವ ನಹಾನಿ ಟ್ರ್ಯಾಪ್‌ನ ನೀರಿನೊಳಗೇ ಇಳಿಸಿದೆ. ಇದು ಎರಡನೇ ತಪ್ಪು.

ಸಂಜೆಗೆ ಫೋನ್ ಬಂತು, ಹನಿ ಬೀಳ್ತಾ ಉಂಟು ಅಂತ. ಹೋಗಿ ತುದಿಯಿಂದ ಬ್ಲೋವರ್ ಹಿಡಿದೆ. ಬುಳಕ್ಕನೆ ನೀರು ಇಳಿಯಿತು. ಸಿಮೆಂಟ್ ಚೂರು ಸಿಕ್ಕಿಕೊಂಡಿತ್ತು, ಹೋಯ್ತು ಎಂದು ಹೇಳಿ ಬಂದೆ. ಅದು ಬರೀ ಊಹೆ. ಕಾಲು ಗಂಟೆ ಕೂತು ನೋಡಲೂ ಇಲ್ಲ. ಆವತ್ತು ಅದು ನಾಲ್ಕನೇ ಮನೆ.

ರಾತ್ರಿ ಹತ್ತೂವರೆಗೆ ಮತ್ತೆ ಫೋನ್. “ಎಂತ ಮಾರಾಯರೇ, ಅಮ್ಮನ ಮಂಚದ ಮೇಲೆಯೇ ನೀರು.”

ನಾವು ಹೋದಾಗ ಆ ಅಜ್ಜಿ ಹಾಲಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಹಾಸಿಗೆ ಒದ್ದೆ. ತಲೆ ಹತ್ತಿರ ಇಟ್ಟಿದ್ದ ಡಾಕ್ಟರ ಚೀಟಿಯ ಶಾಯಿ ಕದಡಿಹೋಗಿತ್ತು. ಅವರು ಬೈಯಲಿಲ್ಲ. “ಊಟ ಆಯ್ತಾ ಮಗ?” ಅಂತ ಕೇಳಿದರು. ಏನು ಹೇಳಬೇಕೋ ಗೊತ್ತಾಗಲಿಲ್ಲ.

ಮೊದಲು ಇಂಡೋರ್ ಯೂನಿಟ್ ಓರೆಯಾಗಿದೆಯಾ ನೋಡಿದೆ. ಇರಲಿಲ್ಲ. ಅದರೊಳಗೆ ನೀರು ಬೀಳುವ ಟ್ರೇ ಚೊಕ್ಕವಾಗಿತ್ತು. ಮಗ್ಗಿನಲ್ಲಿ ನೀರು ಹಾಕಿದೆ, ತುಂಬಿ ನಿಂತುಬಿಟ್ಟಿತು. ಮತ್ತೆ ಬ್ಲೋವರ್, ಮತ್ತೆ ಇಳಿಯಿತು. ಹತ್ತು ನಿಮಿಷಕ್ಕೆ ಮತ್ತೆ ತುಂಬಿತು. ಕರಾವಳಿಯ ಮೇ ತಿಂಗಳ ಸೆಕೆಗೆ ಒಂದೂವರೆ ಟನ್ ಯೂನಿಟ್ಟಿಂದ ಗಂಟೆಗೆ ಲೀಟರಿಗಿಂತ ಜಾಸ್ತಿ ನೀರು ಬರುತ್ತದೆ. ಮನೆಯವರು ಬಾಗಿಲಲ್ಲೇ ನಿಂತಿದ್ದರು. ನನ್ನ ಕೈ ಸಣ್ಣಗೆ ನಡುಗುತ್ತಿತ್ತು.

ಹುಡುಗ ಗೋಡೆಗೆ ಕಿವಿ ಇಟ್ಟು ನಿಂತಿದ್ದ. ನಾನು ಮತ್ತೊಂದು ಮಗ್ಗು ಹಾಕಿದೆ. “ಅಣ್ಣ, ಇಲ್ಲಿ ಗುಳುಗುಳು ಅಂತದೆ” ಅಂದ. ಅವನ ಕಿವಿ ಇದ್ದದ್ದು ಸರಿಯಾಗಿ ಆ ಕಪ್ಲಿಂಗ್ ಇದ್ದ ಜಾಗದಲ್ಲಿ. ಬಾತ್‌ರೂಮಿಗೆ ಹೋಗಿ ಫ್ಲೆಕ್ಸಿಬಲ್ ಪೈಪನ್ನು ಟ್ರ್ಯಾಪ್‌ನಿಂದ ಹೊರಗೆ ಎಳೆದೆ. ಉಸ್ ಅಂತ ಗಾಳಿ ಬಂತು, ಹಿಂದೆಯೇ ನೀರು.

ಆಗ ಅರ್ಥವಾಯಿತು. ಕಪ್ಲಿಂಗ್ ಬಳಿ ಪೈಪ್ ಜೋತುಬಿದ್ದು ಅಲ್ಲಿ ನೀರು ನಿಂತಿದೆ. ಆ ಕಡೆ ತುದಿಯೂ ನೀರಿನಲ್ಲಿ ಮುಳುಗಿದೆ. ಎರಡು ನೀರಿನ ಮಧ್ಯೆ ಗಾಳಿ ಸಿಕ್ಕಿಕೊಂಡಿದೆ. ಡ್ರೈನಿಗೆ ತಳ್ಳುವ ಪ್ರೆಷರ್ ಅಂತ ಇಲ್ಲ, ಇರುವುದು ಇಳಿಜಾರು ಮಾತ್ರ. ಆ ಗಾಳಿಯನ್ನು ತಳ್ಳಲಾಗದೆ ನೀರು ವಾಪಸ್ ಟ್ರೇಗೆ ಬರುತ್ತಿತ್ತು. ನವೆಂಬರ್‌ನಲ್ಲಿ ತುದಿ ಬಯಲಲ್ಲಿತ್ತು, ಅದಕ್ಕೇ ಬಾಟಲಿ ನೀರು ಸರಾಗವಾಗಿ ಹೋಗಿತ್ತು.

ಆ ರಾತ್ರಿ ತುದಿಯನ್ನು ಟ್ರ್ಯಾಪ್‌ಗಿಂತ ಎರಡಿಂಚು ಮೇಲೆ ಕಟ್ಟಿ ಬಂದೆವು. ಹನಿ ನಿಂತಿತು. ಆದರೆ ಜೋತುಬಿದ್ದ ಕಡೆ ನೀರು ನಿಂತರೆ ಪಾಚಿ ಕಟ್ಟಿ ಮುಂದಿನ ವರ್ಷ ಮತ್ತೆ ಅದೇ ಗತಿ. ಎರಡು ದಿನ ಬಿಟ್ಟು, ಹೊಸ ಪೇಂಟ್ ಆದ ಗೋಡೆ ಒಡೆದೆವು. ಗಾರೆ ಒತ್ತಿದ ಭಾರಕ್ಕೆ ಕ್ಲ್ಯಾಂಪ್ ಇಲ್ಲದ ಕಡೆ ಪೈಪ್ ಮುಕ್ಕಾಲು ಇಂಚು ಕೆಳಗೆ ಕೂತಿತ್ತು. ಪುಟ್ಟಿ, ಪೇಂಟಿನ ಖರ್ಚು ನನ್ನದೇ. ಹುಡುಗ ಆ ಜಾಗ ನೋಡಿದ, ಏನೂ ಹೇಳಲಿಲ್ಲ. “ನೀನು ಆವತ್ತೇ ಹೇಳಿದ್ದೆ” ಅಂತ ನಾನೇ ಹೇಳಿದೆ.

ಈಗ ಗಾರೆಗೆ ಮೊದಲು ಪ್ರತಿ ಕ್ಲ್ಯಾಂಪಿನ ಹತ್ತಿರ ರಸಮಟ್ಟ ಇಟ್ಟು ಫೋಟೋ ತೆಗೆಯುತ್ತೇವೆ. ಬಾಟಲಿ ಬದಲು ಬಕೆಟ್ ನೀರು ಹಾಕುತ್ತೇವೆ, ಗಾರೆ ಒಣಗಿದ ಮೇಲೆ ಇನ್ನೊಂದು ಸಲ. ಇದಕ್ಕೆ ಹಿಡಿಯುವ ಸಮಯಕ್ಕೆ ದುಡ್ಡಿಲ್ಲ. ತಾಮ್ರಕ್ಕೆ ಅಡಿ ಲೆಕ್ಕದಲ್ಲಿ ರೇಟ್ ಇದೆ, ಡ್ರೈನ್ ಅದರಲ್ಲೇ ಸೇರಿದೆ ಅಂತಾರೆ. ಕಂಪನಿಯ ಚೆಕ್‌ಲಿಸ್ಟಿನಲ್ಲಿ ವ್ಯಾಕ್ಯೂಮ್ ಬರೆಯಲು ಜಾಗ ಇದೆ, ಇಳಿಜಾರಿಗೆ ಇಲ್ಲ. ಅದನ್ನು ಪಕ್ಕದ ಖಾಲಿ ಜಾಗದಲ್ಲಿ ಪೆನ್ನಿನಿಂದ ಬರೆಯುವುದು ಈಗ ಆ ಹುಡುಗನ ಕೆಲಸ. ರಸಮಟ್ಟವೂ ಅವನ ಚೀಲದಲ್ಲೇ ಇರುತ್ತದೆ.