ಮೇಜಿನ ಮೇಲಿಟ್ಟರೆ ಮುಂದೂಡಿದಂತಲ್ಲ

ಕಚೇರಿ ಇಂಗ್ಲಿಷನ್ನು ಸ್ಪ್ಯಾನಿಷ್‌ಗೆ ತರುವಾಗ, ತಲೆಬುಡ ತಿಳಿಯದ ನುಡಿಗಟ್ಟಿನಿಂದ ಅಷ್ಟೇನೂ ಅಪಾಯವಿಲ್ಲ. ಓದಿದವರು ಹುಬ್ಬೇರಿಸಿ ‘ಏನಿದು?’ ಎಂದು ಕೇಳುತ್ತಾರೆ. ಕೈಕೊಡುವುದು ಪದಕ್ಕೆ ಪದ ಇಟ್ಟಾಗಲೂ ಒಳ್ಳೆಯ ಸ್ಪ್ಯಾನಿಷ್ಷೇ ಆಗಿಬಿಡುವಂಥದ್ದು.

‘ಲೆಟ್ಸ್ ಟೇಬಲ್ ದಿಸ್’ ನೋಡಿ. ಅಮೆರಿಕದಲ್ಲಿ ಹಾಗೆಂದರೆ ‘ಸದ್ಯಕ್ಕೆ ಬದಿಗಿಡೋಣ’. ಬ್ರಿಟನ್ನಿನಲ್ಲಿ ತದ್ವಿರುದ್ಧ, ‘ಚರ್ಚೆಗೆ ಎತ್ತಿಕೊಳ್ಳೋಣ’. ಸ್ಪ್ಯಾನಿಷ್‌ನಲ್ಲಿ ‘ಪೋನೆರ್ ಸೋಬ್ರೆ ಲಾ ಮೇಸಾ’, ಅಂದರೆ ಮೇಜಿನ ಮೇಲಿಡುವುದು, ಚರ್ಚೆಗೆ ತರುವುದೇ. ಅಮೆರಿಕದ ಮ್ಯಾನೇಜರ್ ಬರೆದದ್ದನ್ನು ಹಾಗೇ ಇಳಿಸಿದರೆ, ಬದಿಗಿಡಬೇಕಿದ್ದ ವಿಷಯಕ್ಕೆ ಮ್ಯಾಡ್ರಿಡ್‌ನ ತಂಡ ಟಿಪ್ಪಣಿ ಸಮೇತ ಸಜ್ಜಾಗಿ ಕೂತಿರುತ್ತದೆ. ಅಲ್ಲಿ ಬೇಕಾದ್ದು ‘ಅಪ್ಲಸಾರ್’, ಮುಂದೂಡು. ಮೇಜು ಹೋಯಿತೇ? ಹೋಗಲಿ.

‘ಎಲ್ಲ ನೋಡಿದ ಮೇಲೆ, ಕೊನೆಗೂ’ ಎನ್ನುವ ‘ಅಟ್ ದಿ ಎಂಡ್ ಆಫ್ ದ ಡೇ’ಯದೂ ಇದೇ ಪಾಡು. ‘ಅಲ್ ಫಿನಾಲ್ ದೆಲ್ ದಿಯಾ’ ಎಂದು ಬರೆದರೆ ವರದಿ ಇವತ್ತು ಸಂಜೆಗೇ ಬೇಕು ಎಂದು ಓದಿಕೊಳ್ಳುವವರಿದ್ದಾರೆ. ‘ಅಲ್ ಫಿನ್ ಇ ಅಲ್ ಕಾಬೊ’ ಅಥವಾ ‘ಆ ಫಿನ್ ದೆ ಕ್ವೆಂತಾಸ್’ ಸರಿ. ಎರಡನೆಯದರಲ್ಲಿ ‘ಲೆಕ್ಕ’ ಇದೆ. ನಮ್ಮ ‘ಕೊನೆಗೆ ಲೆಕ್ಕಕ್ಕೆ ಬರೋದು’ ನೆನಪಾಗುತ್ತದೆ.

ಹೀಗೆ ಮಾಡಿ: ನುಡಿಗಟ್ಟನ್ನು ಮರೆತು, ಯಾರು ಏನನ್ನು ಯಾವಾಗ ಮಾಡಬೇಕು ಎಂಬುದನ್ನು ಒಂದು ಸಾದಾ ವಾಕ್ಯದಲ್ಲಿ ಬರೆದುಕೊಂಡು ಅದನ್ನು ಅನುವಾದಿಸಿ. ಸ್ಪ್ಯಾನಿಷ್‌ಗೆ ತನ್ನದೇ ಮಾತು ಇದೆಯೇ ಎಂದು ಹುಡುಕುವುದು ಆಮೇಲೆ. ರಾತ್ರಿಯೆಲ್ಲ ಕೂತು ದುಡಿಯುವುದಕ್ಕೆ ಇಂಗ್ಲಿಷ್ ದೀಪದ ಎಣ್ಣೆ ಉರಿಸಿದರೆ, ಸ್ಪ್ಯಾನಿಷ್ ‘ಕೆಮಾರ್ಸೆ ಲಾಸ್ ಪೆಸ್ತಾನ್ಯಾಸ್’ ಎಂದು ರೆಪ್ಪೆಗೂದಲನ್ನೇ ಸುಟ್ಟುಕೊಳ್ಳುತ್ತದೆ. ಬೇಸ್‌ಬಾಲ್‌ನಿಂದ ಬಂದ ‘ಬಾಲ್‌ಪಾರ್ಕ್ ಫಿಗರ್’ಗೆ ಅಂಥ ಹುಡುಕಾಟ ಬೇಡ, ‘ಸಿಫ್ರಾ ಅಪ್ರೊಕ್ಸಿಮಾದಾ’, ಅಂದಾಜು ಮೊತ್ತ, ಸಾಕು.

ಮಾತು ಸಿಕ್ಕ ಮೇಲೂ ಅದು ಯಾವ ದೇಶಕ್ಕೆ ಹೋಗುತ್ತದೆ ಎಂದು ನೋಡಬೇಕು. ‘ಇನ್ನು ನಿಮಗೆ ಬಿಟ್ಟದ್ದು’ ಎನ್ನಲು ಸ್ಪೇನ್‌ನಲ್ಲಿ ಚೆಂಡು ನಿಮ್ಮ ಮನೆಯ ಸೂರಿನ ಮೇಲೆ, ‘ತೆಹಾದೊ’ದಲ್ಲಿ, ಇರುತ್ತದೆ, ಲ್ಯಾಟಿನ್ ಅಮೆರಿಕದಲ್ಲಿ ಅಂಕಣದಲ್ಲಿ, ‘ಕಾಂಚಾ’ದಲ್ಲಿ. ಇದು ತಪ್ಪಿದರೆ ನಕ್ಕು ಸುಮ್ಮನಾಗುತ್ತಾರೆ. ಗೂಳಿಯ ಕೊಂಬು ಹಿಡಿಯುವುದಕ್ಕೆ, ಅಂದರೆ ಕಷ್ಟವನ್ನು ನೇರವಾಗಿ ಎದುರಿಸುವುದಕ್ಕೆ, ಸ್ಪೇನ್‌ನವರು ಬಳಸುವ ‘ಕೊಹೆರ್’ ಮಾತ್ರ ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅಶ್ಲೀಲ. ಅಲ್ಲಿಗೆ ‘ತೊಮಾರ್’ ಅಥವಾ ‘ಅಗರ್ರಾರ್’ ಹಾಕಿ. ಸಂಶಯ ಬಂದರೆ ಸ್ಪ್ಯಾನಿಷ್ ರಾಯಲ್ ಅಕಾಡೆಮಿಯ ಕೊರ್ಪೆಸ್ ಪಠ್ಯಕೋಶದಲ್ಲಿ ದೇಶವಾರು ಹುಡುಕಬಹುದು. 2001ರಿಂದೀಚಿನ ಬರಹಗಳು ಅದರಲ್ಲಿವೆ.