ತಮ್ಮ ಸಂಬಳವನ್ನು ತಾವು ನಿಗದಿ ಮಾಡಲಾರದ ಸಂಸದರು

ಇಂಗ್ಲೆಂಡಿಗೆ ಬಂದು ಏಳು ವರ್ಷಗಳಾದರೂ ನನ್ನ ಬಳಿ ಇರುವುದು ಭಾರತದ ಪಾಸ್‌ಪೋರ್ಟೇ. ಅದನ್ನೇ ಗುರುತಿನ ದಾಖಲೆಯಾಗಿ ತೋರಿಸಿ 2024ರ ಜುಲೈ 4ರಂದು ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಿ ಬಂದೆನೆಂದು ಫೋನಿನಲ್ಲಿ ಹೇಳಿದಾಗ ಅಣ್ಣ ನಂಬಲೇ ಇಲ್ಲ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಇಲ್ಲಿ ಕಾನೂನುಬದ್ಧವಾಗಿ ವಾಸವಾಗಿದ್ದು ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡಿದ್ದರೆ ಅವರಿಗೂ ಈ ಹಕ್ಕು ಇದೆ.

ಆದರೆ ಇಲ್ಲಿನ ಸಂಸದರ ಕೆಲಸ ಹೇಗೆ ನಡೆಯುತ್ತದೆಂದು ನಾನು ತಿಳಿಯತೊಡಗಿದ್ದು ಅದಕ್ಕೂ ಕೆಲವು ವಾರ ಮೊದಲು. ನಮ್ಮ ಪಕ್ಕದ ಮನೆಯ ವೃದ್ಧೆಯ ಮಲಗುವ ಕೋಣೆಯ ಗೋಡೆ ಶೀತ ಹಿಡಿದು ಕಪ್ಪಾಗಿತ್ತು. ಮನೆ ಬಾಡಿಗೆಗೆ ಕೊಟ್ಟವರಿಗೆ ಎಷ್ಟು ಬಾರಿ ಹೇಳಿದರೂ ಪ್ರಯೋಜನವಾಗಿರಲಿಲ್ಲ. ಆ ವೃದ್ಧೆಯ ಪರವಾಗಿ ಸಂಸದರಿಗೆ ಇಮೇಲ್ ಬರೆದುಕೊಟ್ಟೆ. ಮರುಕ್ಷಣವೇ ಉತ್ತರ ಬಂತು: ಮೇ 30ರಂದು ಸಂಸತ್ತು ವಿಸರ್ಜನೆಯಾಗಿರುವುದರಿಂದ ಈ ಕ್ಷೇತ್ರಕ್ಕೆ ಸದ್ಯ ಸಂಸದರೇ ಇಲ್ಲ, ಚುನಾವಣೆಯ ನಂತರ ಸಂಪರ್ಕಿಸಿ. ಸಂಸತ್ತಿನ ಗರಿಷ್ಠ ಅವಧಿ ಅದು ಮೊದಲು ಸೇರಿದ ದಿನದಿಂದ ಐದು ವರ್ಷ. ಅಷ್ಟರೊಳಗೆ ಯಾವಾಗ ಬೇಕಾದರೂ ಚುನಾವಣೆ ನಡೆಸುವಂತೆ ಪ್ರಧಾನಿ ರಾಜರನ್ನು ಕೋರಬಹುದು. ವಿಸರ್ಜನೆಯಾದ ಗಳಿಗೆಯಿಂದ ಕೆಳಮನೆಯ 650 ಸದಸ್ಯರೂ ಮಾಜಿಗಳು. ಮತ್ತೆ ಸ್ಪರ್ಧಿಸುವವರು ಕೂಡ ಪ್ರಚಾರದಲ್ಲಿ ತಮ್ಮನ್ನು ಸಂಸದರೆಂದು ಕರೆದುಕೊಳ್ಳುವಂತಿಲ್ಲ.

ಸೆಪ್ಟೆಂಬರಿನಲ್ಲಿ ನಾವು ಹೊಸ ಸಂಸದರ 'ಸರ್ಜರಿ'ಗೆ ಹೋದೆವು. ಸರ್ಜರಿ ಎಂದರೆ ಇಲ್ಲಿ ಕ್ಷೇತ್ರದ ಜನರ ಅಹವಾಲು ಕೇಳುವ ಹೊತ್ತು. ಈ ಪದವನ್ನು ಮೊದಲ ಸಲ ಕೇಳಿದಾಗ ನಾನು, ಪಾಪ, ಸಂಸದರಿಗೆ ಏನಾಯಿತೋ ಎಂದುಕೊಂಡಿದ್ದೆ. ಸ್ಥಳ ಯಾವುದೆಂದು ಮುಂಚಿತವಾಗಿ ಪ್ರಕಟಿಸಿರಲಿಲ್ಲ; ಸಮಯ ಗೊತ್ತುಪಡಿಸಿಕೊಂಡವರಿಗೆ ಮಾತ್ರ ತಿಳಿಸಿದ್ದರು. ಅದಕ್ಕೆ ಕಾರಣವಿದೆ. 2016ರಲ್ಲಿ ಸಂಸದೆ ಜೋ ಕಾಕ್ಸ್ ಅಹವಾಲು ಕೇಳಲು ಹೋಗುತ್ತಿದ್ದಾಗ ಬೀದಿಯಲ್ಲೇ ಕೊಲೆಯಾದರು. 2021ರಲ್ಲಿ ಸಂಸದ ಡೇವಿಡ್ ಏಮೆಸ್ ಚರ್ಚೊಂದರಲ್ಲಿ ಜನರನ್ನು ಭೇಟಿಯಾಗುತ್ತಿದ್ದಾಗಲೇ ಇರಿತಕ್ಕೆ ಬಲಿಯಾದರು. ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಬರೆದುಕೊಳ್ಳಲು ಒಬ್ಬ ಸಹಾಯಕಿ. ನಮಗೆ ಸಿಕ್ಕಿದ್ದು ಹದಿನೈದು ನಿಮಿಷ. ಆ ಚುನಾವಣೆಯಲ್ಲಿ ಗೆದ್ದವರಲ್ಲಿ 335 ಮಂದಿ ಮೊದಲ ಬಾರಿಗೆ ಸಂಸತ್ತಿಗೆ ಹೋದವರು. ನಮ್ಮವರೂ ಅವರಲ್ಲೊಬ್ಬರು. ಲಂಡನ್ನಿನಲ್ಲಿ ಕೋಣೆ ಸಿಗುವವರೆಗೆ ಕೆಲವು ವಾರ ಲ್ಯಾಪ್‌ಟಾಪ್ ಹಿಡಿದು ಸಿಕ್ಕ ಮೂಲೆಯಲ್ಲಿ ಕುಳಿತು ಕೆಲಸ ಮಾಡಿದೆನೆಂದು ಅವರು ನಗುತ್ತಲೇ ಹೇಳಿದರು.

ಸಂಬಳದ ವಿಷಯದಲ್ಲಿ ಇಲ್ಲಿನ ವ್ಯವಸ್ಥೆ ನಮ್ಮದಕ್ಕಿಂತ ಪೂರ್ತಿ ಬೇರೆ. ನಮ್ಮ ಸಂವಿಧಾನದ 106ನೆಯ ವಿಧಿಯ ಪ್ರಕಾರ ಸಂಸದರ ವೇತನವನ್ನು ಸಂಸತ್ತೇ ಕಾನೂನಿನ ಮೂಲಕ ನಿರ್ಧರಿಸುತ್ತದೆ. ಇಲ್ಲಿಯೂ ಬಹುಕಾಲ ಸದನದ ಮಾತೇ ಕೊನೆಯದಾಗಿತ್ತು. 2009ರಲ್ಲಿ ಪತ್ರಿಕೆಯೊಂದು ಸಂಸದರ ಖರ್ಚಿನ ಬಿಲ್ಲುಗಳನ್ನು ದಿನಕ್ಕಿಷ್ಟರಂತೆ ಪ್ರಕಟಿಸುತ್ತ ಹೋದಾಗ ಎಲ್ಲ ಬುಡಮೇಲಾಯಿತು. ಕೊಳದಲ್ಲಿ ಬಾತುಕೋಳಿಗಳಿಗೆಂದು ಇಟ್ಟ ತೇಲುವ ಮನೆಯ ಖರ್ಚನ್ನೂ ಒಬ್ಬರು ಕೇಳಿದ್ದರು. ಅದು ಮಂಜೂರಾಗಿರಲಿಲ್ಲವಾದರೂ ಜನರ ನೆನಪಿನಲ್ಲಿ ಉಳಿದದ್ದು ಅದೇ. ಸ್ಪೀಕರ್ ರಾಜೀನಾಮೆ ಕೊಟ್ಟರು, ಸುಳ್ಳು ಲೆಕ್ಕ ಬರೆದ ಕೆಲವರು ಜೈಲಿಗೂ ಹೋದರು. ಅದೇ ವರ್ಷ ಕಾನೂನು ಮಾಡಿ 'ಇಪ್ಸಾ' ಎಂಬ ಸ್ವತಂತ್ರ ಪ್ರಾಧಿಕಾರವನ್ನು ಹುಟ್ಟುಹಾಕಲಾಯಿತು. ಸಂಸದರ ಖರ್ಚುವೆಚ್ಚ, ಸಂಬಳ, ಪಿಂಚಣಿ, ಅವರ ಸಿಬ್ಬಂದಿಯ ವೇತನ ಎಲ್ಲವೂ ಈಗ ಅದರ ಕೈಯಲ್ಲಿದೆ.

ಇದರಿಂದ ಒಂದು ತಮಾಷೆಯೂ ಆಯಿತು. 2015ರಲ್ಲಿ ಪ್ರಾಧಿಕಾರವು ಸಂಬಳವನ್ನು 67,060 ಪೌಂಡಿನಿಂದ 74,000 ಪೌಂಡಿಗೆ ಏರಿಸಿತು. ಸರ್ಕಾರಿ ನೌಕರರ ವೇತನವನ್ನು ಬಿಗಿಹಿಡಿದಿದ್ದ ಕಾಲವದು. ಇಷ್ಟು ಏರಿಕೆ ಬೇಡವೆಂದು ಪ್ರಧಾನಿ ಕ್ಯಾಮರೂನ್ ಅವರೇ ಹೇಳಿದ್ದರು. ಆದರೂ ಬೇಡವೆನ್ನುವ ಅಧಿಕಾರ ಸಂಸದರಿಗೆ ಇರಲಿಲ್ಲ. ಕೆಲವರು ಹೆಚ್ಚುವರಿ ಹಣವನ್ನು ದಾನಕ್ಕೆ ಕೊಟ್ಟು ಮುಜುಗರದಿಂದ ಪಾರಾದರು. 2025ರ ಏಪ್ರಿಲಿನಲ್ಲಿ ವಾರ್ಷಿಕ ಸಂಬಳ 93,904 ಪೌಂಡ್ ಆಯಿತು. ದೇಶದ ಸರಾಸರಿ ಆದಾಯದ ಎದುರು ಇದು ದೊಡ್ಡ ಮೊತ್ತವೇ. ಲಂಡನ್ನಿನ ದೊಡ್ಡ ಕಾನೂನು ಸಂಸ್ಥೆಯೊಂದರ ಹಿರಿಯ ವಕೀಲರಿಗೆ ಮಾತ್ರ ಇದು ದೊಡ್ಡದೆನಿಸಲಿಕ್ಕಿಲ್ಲ.

ಈ ಸಂಬಳದ ಹಿಂದಿನ ಕಥೆ ನನಗೆ ಮೊತ್ತಕ್ಕಿಂತ ಮುಖ್ಯವೆನಿಸುತ್ತದೆ. 1838ರಲ್ಲಿ ಚಾರ್ಟಿಸ್ಟ್ ಚಳವಳಿಯ ಕಾರ್ಮಿಕರು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಸಂಸದರಿಗೆ ಸಂಬಳ ಕೊಡಬೇಕೆಂಬುದೂ ಒಂದು. ಸಂಬಳವಿಲ್ಲದ ಸದನಕ್ಕೆ ಜಮೀನು, ಆಸ್ತಿ ಇದ್ದವರಷ್ಟೇ ಹೋಗಬಲ್ಲರು, ದಿನಗೂಲಿ ಬಿಟ್ಟು ನೇಕಾರ ಹೋಗಲಾರ ಎಂಬುದು ಅವರ ವಾದ. ಅದು ಈಡೇರಲು 1911 ಬರಬೇಕಾಯಿತು. ಆಗ ಗೊತ್ತಾದದ್ದು ವರ್ಷಕ್ಕೆ 400 ಪೌಂಡ್. ಸಂಸದರಿಗೆ ಸಂಬಳವೇ ಏಕೆ, ಅದು ಸೇವೆಯಲ್ಲವೇ ಎಂದು ಯಾರಾದರೂ ಕೇಳಿದರೆ ನಾನು ಈ ನೇಕಾರನನ್ನು ನೆನಪಿಸುತ್ತೇನೆ.

ಕೆಲಸದ ಪರಿಸ್ಥಿತಿಗೆ ಬಂದರೆ ಹಳೆಯ ಪದ್ಧತಿಗಳ ಹಿಡಿತ ಇನ್ನೂ ಬಿಗಿಯಾಗಿದೆ. 650 ಸದಸ್ಯರ ಸದನದಲ್ಲಿ ಕೂರಲು ಇರುವುದು 427 ಜಾಗ. ಬೆಳಿಗ್ಗೆ ಬಂದು ಆಸನದ ಮೇಲೆ ಪ್ರಾರ್ಥನಾ ಚೀಟಿ ಇಟ್ಟು, ಕಲಾಪಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ಹಾಜರಿದ್ದವರಿಗೆ ಆ ದಿನದ ಮಟ್ಟಿಗೆ ಜಾಗ ಖಾತ್ರಿ. ಪ್ರಧಾನಿಯ ಪ್ರಶ್ನೋತ್ತರವಿರುವ ಬುಧವಾರ ನಾಸ್ತಿಕರಲ್ಲೂ ಭಕ್ತಿ ಹೆಚ್ಚುತ್ತಿರಬೇಕು. ಸೋಮವಾರ ಕಲಾಪ ಮಧ್ಯಾಹ್ನ ಎರಡೂವರೆಗೆ ಆರಂಭವಾಗಿ ರಾತ್ರಿ ಹತ್ತರವರೆಗೂ ನಡೆಯುತ್ತದೆ, ಏಕೆಂದರೆ ದೂರದ ಕ್ಷೇತ್ರದವರು ರೈಲು ಹಿಡಿದು ಬರಬೇಕು. ಮತದಾನದ ಗಂಟೆ ಬಾರಿಸಿದ ಮೇಲೆ ಎಂಟು ನಿಮಿಷಗಳೊಳಗೆ ಹೌದು ಅಥವಾ ಅಲ್ಲ ಎನ್ನುವವರ ಪಡಸಾಲೆಯೊಳಗೆ ಖುದ್ದಾಗಿ ನಡೆದುಹೋಗಬೇಕು. ನಂತರ ಬಾಗಿಲು ಮುಚ್ಚುತ್ತಾರೆ. 2019ರ ಜನವರಿಯಲ್ಲಿ ಸಂಸದೆ ಟುಲಿಪ್ ಸಿದ್ದಿಕ್ ತಮ್ಮ ಹೆರಿಗೆಯ ಶಸ್ತ್ರಚಿಕಿತ್ಸೆಯನ್ನೇ ಮುಂದೂಡಿ ಗಾಲಿಕುರ್ಚಿಯಲ್ಲಿ ಬಂದು ಮತ ಹಾಕಿದರು. ಅದೇ ತಿಂಗಳ ಕೊನೆಯಲ್ಲಿ, ಹೆರಿಗೆ ರಜೆಯಲ್ಲಿರುವವರ ಪರವಾಗಿ ಮತ್ತೊಬ್ಬ ಸದಸ್ಯರು ಮತ ಹಾಕುವ ಏರ್ಪಾಡಿಗೆ ಸದನ ಒಪ್ಪಿತು. ಅದಕ್ಕೆ ಒಬ್ಬ ತುಂಬು ಗರ್ಭಿಣಿಯನ್ನು ಇಡೀ ದೇಶ ಟಿವಿಯಲ್ಲಿ ನೋಡಬೇಕಾಯಿತೆನ್ನುವುದು ನಾಚಿಕೆಯ ಸಂಗತಿ.

ಕೆಲಸ ಬಿಡುವುದೂ ನೇರವಾಗಿಲ್ಲ. 1624ರ ನಿರ್ಣಯದಂತೆ ಸಂಸದರು ರಾಜೀನಾಮೆ ಕೊಡುವಂತಿಲ್ಲ. ಆದ್ದರಿಂದ ಹೊರಬರಲು ಬಯಸುವವರನ್ನು ಯಾವ ಕೆಲಸವೂ ಇಲ್ಲದ ಒಂದು ರಾಜಹುದ್ದೆಗೆ ನೇಮಿಸಿ, ಆ ಕಾರಣಕ್ಕೆ ಸ್ಥಾನ ತೆರವಾಯಿತೆಂದು ಘೋಷಿಸುತ್ತಾರೆ. ಮತದಾರರೇ ಹೊರಹಾಕುವ ದಾರಿಯನ್ನು 2015ರ ಕಾನೂನು ತೆರೆಯಿತು: ಸದನದಿಂದ ಕನಿಷ್ಠ ಹತ್ತು ಕಲಾಪದ ದಿನಗಳಿಗೆ ಅಮಾನತಾದವರ ಅಥವಾ ಜೈಲುಶಿಕ್ಷೆಯಾದವರ ವಿರುದ್ಧ ಕ್ಷೇತ್ರದ ಶೇಕಡಾ 10 ಮತದಾರರು ಸಹಿ ಹಾಕಿದರೆ ಸ್ಥಾನ ಹೋಗುತ್ತದೆ.

ಪ್ರಾಧಿಕಾರದ ಜಾಲತಾಣದಲ್ಲಿ ಪ್ರತಿ ಸಂಸದರ ಖರ್ಚಿನ ಬಾಬ್ತನ್ನೂ ನೋಡಬಹುದು. ನಮ್ಮವರ ಹೆಸರು ಹಾಕಿ ನೋಡಿದೆ: ರೈಲು ಟಿಕೆಟ್ಟುಗಳು, ಕಚೇರಿಯ ಬಾಡಿಗೆ, ಪ್ರಿಂಟರ್ ಶಾಯಿ. ಪಕ್ಕದ ಮನೆಯ ಅಜ್ಜಿಗೆ ಅವರ ಕಚೇರಿಯಿಂದ ಪತ್ರ ಬಂದದ್ದು ಅಕ್ಟೋಬರಿನಲ್ಲಿ. ಗೋಡೆ ಕೆರೆದು ಸುಣ್ಣ ಬಳಿಯಲು ಆಳುಗಳು ಬಂದದ್ದು ಡಿಸೆಂಬರಿನ ಮೊದಲ ವಾರದಲ್ಲಿ.